ನರಕದ ಕಡೆಗೇ ಜನ

ಮಾಸ್ತಿಯಲ್ಲಿ ನಾನು ಮೊದಲು ಕಂಡ ನರಕ ಒಂದು ದಿನಸಿ ಅಂಗಡಿಯ ಗೋಡೆಯ ಮೇಲಿತ್ತು. ತಕ್ಕಡಿಯ ಹಿಂದೆ, ಊದುಬತ್ತಿಯ ಹೊಗೆಗೆ ಅಂಚು ಕಂದಿದ್ದ ದೊಡ್ಡ ಬಣ್ಣದ ಪಟ. ನಡುವೆ ಕೋಣನ ಮೇಲೆ ಯಮಧರ್ಮರಾಯ, ಪಕ್ಕದಲ್ಲಿ ಲೆಕ್ಕದ ಪುಸ್ತಕ ಬಿಚ್ಚಿಕೊಂಡ ಚಿತ್ರಗುಪ್ತ, ಸುತ್ತಲೂ ಚೌಕದ ಮನೆಗಳು, ಮನೆಗೊಂದು ಶಿಕ್ಷೆ. ಕೆಳಗಿನ ಅಕ್ಷರಗಳು ಹಿಂದಿಯವು. ನಮಗ್ಯಾರಿಗೂ ಹಿಂದಿ ಓದಲು ಬರುತ್ತಿರಲಿಲ್ಲವಾದ್ದರಿಂದ ಶಿಕ್ಷೆ ನೋಡಿ ಪಾಪ ಊಹಿಸುವುದು ಉಪ್ಪು ಬೆಲ್ಲಕ್ಕೆ ಬಂದ ಹುಡುಗರ ಆಟ. ನಾಲಿಗೆ ಕೀಳುತ್ತಿದ್ದರೆ ಚಾಡಿ. ಬಾಯಿಗೆ ಕಾಯಿಸಿದ ಕಬ್ಬಿಣ ಹುಯ್ಯುತ್ತಿದ್ದರೆ ಹೆಂಡ. ಕಾದ ಕಂಬ ತಬ್ಬಿಸುತ್ತಿದ್ದ ಮನೆ ಬಂದಾಗ ದೊಡ್ಡವರು ಮಾತು ಬದಲಿಸುತ್ತಿದ್ದರು. ಒಂದು ಮನೆಯಲ್ಲಿ ಒಬ್ಬನ ಮುಂದೆ ತಕ್ಕಡಿಯಿತ್ತು, ಅವನ ನೆತ್ತಿಯ ಮೇಲೆ ಇಬ್ಬರು ಗರಗಸ ಎಳೆಯುತ್ತಿದ್ದರು. ಯಾರಾದರೂ ಆ ಕಡೆ ಬೆರಳು ತೋರಿಸಿದರೆ ಅಂಗಡಿಯವರು ತಲೆಯೆತ್ತದೆ ಹೇಳುತ್ತಿದ್ದರು: “ಅದು ತೂಗೋನಿಗಲ್ಲ ಕಣೋ, ಸಾಲ ತಗೊಂಡು ತೀರಿಸದೋನಿಗೆ.”

ಈ ಪಟಕ್ಕೆ ಎಷ್ಟು ದೊಡ್ಡ ವಂಶಾವಳಿ ಇದೆ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಏಳನೆಯ ಶತಮಾನದ ಬಾಣಭಟ್ಟ ತನ್ನ ‘ಹರ್ಷಚರಿತ’ದಲ್ಲಿ ಒಬ್ಬ ಯಮಪಟ್ಟಿಕನನ್ನು ತಂದು ನಿಲ್ಲಿಸುತ್ತಾನೆ. ತಂದೆಯ ಕಾಯಿಲೆಯ ಸುದ್ದಿ ಕೇಳಿ ಧಾವಿಸಿ ಬರುತ್ತಿರುವ ಹರ್ಷನಿಗೆ ಪೇಟೆಯ ಬೀದಿಯಲ್ಲಿ ಅವನು ಎದುರಾಗುತ್ತಾನೆ. ಕೋಲಿಗೆ ಕಟ್ಟಿದ ಚಿತ್ರದ ಬಟ್ಟೆ, ಅದರಲ್ಲಿ ಕೋಣನೇರಿದ ಯಮ, ಕೈಯಲ್ಲೊಂದು ಕಡ್ಡಿ, ಸುತ್ತ ಮುತ್ತಿಕೊಂಡ ಹುಡುಗರು. ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನ ಗೂಢಚಾರ ಮನೆಮನೆ ಹೊಕ್ಕು ಬರಲು ಹೂಡುವ ವೇಷವೂ ಇದೇ, ಯಮಪಟ ತೋರಿಸುವವನದು. ಯಮನ ಚಿತ್ರ ಹಿಡಿದು ಬಂದವನನ್ನು ಯಾರೂ ಬಾಗಿಲಲ್ಲೇ ತಡೆಯುವುದಿಲ್ಲ ಎಂಬುದು ಚಾಣಕ್ಯನಿಗೆ ಗೊತ್ತಿತ್ತು. ನಮ್ಮೂರ ಅಂಗಡಿಯವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಪಟ ನೋಡುವ ನೆಪದಲ್ಲಿ ಬಂದ ಹುಡುಗ ಬರಿಗೈಲಿ ಹೋಗುವುದು ಅಪರೂಪವಾಗಿತ್ತು.

ಮನೆಯಲ್ಲಿ ನರಕದ ವಿಚಾರ ಬಂದದ್ದು ತಾತ ತೀರಿಕೊಂಡಾಗ. ಪುರೋಹಿತರು ವೈತರಣಿಯ ಮಾತೆತ್ತಿದರು. ಕೀವು ರಕ್ತ ಹರಿಯುವ ಆ ನದಿಯನ್ನು ಸತ್ತವರು ಹಸುವಿನ ಬಾಲ ಹಿಡಿದು ದಾಟಬೇಕು, ಅದಕ್ಕೆ ಗೋದಾನ ಆಗಬೇಕು. ನಮ್ಮ ಕೊಟ್ಟಿಗೆಯಲ್ಲಿ ಆಗ ಇದ್ದದ್ದು ಎಮ್ಮೆ. ಅದನ್ನೇ ಕೊಟ್ಟುಬಿಟ್ಟರೆ ಹೇಗೆ ಎಂದು ಚಿಕ್ಕಪ್ಪ ಕೇಳಿದ. ಅಷ್ಟು ಹೊತ್ತು ಗೋಡೆಗೆ ಒರಗಿ ಅಳುತ್ತಿದ್ದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, “ಎಮ್ಮೆ ಬಾಲ ಹಿಡ್ಕೊಂಡ್ರೆ ಅದು ನೆಟ್ಟಗೆ ಯಮನ ಮನೆ ಕೊಟ್ಟಿಗೆಗೇ ಕರ್ಕೊಂಡು ಹೋಗ್ತದೆ ಕಣೋ, ನೆಂಟರ ಮನೆ ಅಲ್ವಾ ಅದಕ್ಕೆ” ಅಂದಳು. ಸಾವಿನ ಮನೆಯಲ್ಲಿ ಎಲ್ಲರೂ ನಕ್ಕರು, ಪುರೋಹಿತರೂ. ಕೊನೆಗೆ ತೆಂಗಿನಕಾಯಿ, ದಕ್ಷಿಣೆಯಲ್ಲಿ ಹಸು ಇತ್ಯರ್ಥವಾಯಿತು.

ಸ್ವರ್ಗದ ದಾರಿ ಮಾತ್ರ ನಮಗೆ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ. ನಮ್ಮ ಮಾಲೂರು ತಾಲ್ಲೂಕಿನಲ್ಲೇ ಚಿಕ್ಕತಿರುಪತಿ ಇದೆ. ಖಾಂಡವವನವನ್ನು ಸುಡಹೋಗಿ ಶಾಪಕ್ಕೆ ಸಿಕ್ಕಿ ಕಳೆಗುಂದಿದ ಅಗ್ನಿ, ವಿಷ್ಣುವನ್ನು ಬೇಡಿ ತೇಜಸ್ಸು ಮರಳಿ ಪಡೆದು ಇಲ್ಲಿ ವೆಂಕಟೇಶ್ವರನನ್ನು ನೆಲೆಗೊಳಿಸಿದ ಎಂದು ಸ್ಥಳಪುರಾಣ ಹೇಳುತ್ತದೆ. ಬೆಂಕಿಯೇ ತಣ್ಣಗಾಗಲು ಬಂದ ಜಾಗ. ವೈಕುಂಠ ಏಕಾದಶಿಯ ದಿನ ಅಲ್ಲಿ ವೈಕುಂಠದ ಬಾಗಿಲು ತೆರೆಯುತ್ತದೆ. ಧನುರ್ಮಾಸದ ಚಳಿಯಲ್ಲಿ, ಬೆಳಗಾಗುವುದಕ್ಕೆ ಎಷ್ಟೋ ಮೊದಲು, ಕಂಬಳಿ ಹೊದ್ದು ಸಾಲಿನಲ್ಲಿ ನಿಂತ ನೆನಪಿದೆ. ಮುಂದಿನವರ ಬೆನ್ನು, ಹಗ್ಗ, ಲಾಠಿ, ಯಾರದೋ ಕಂಕುಳಲ್ಲಿ ಎಚ್ಚರವಾಗಿ ಅಳುವ ಮಗು. ಕೊನೆಗೆ ಹೂವಿನ ಅಲಂಕಾರದ ಬಾಗಿಲು ದಾಟಿದಾಗ ಆ ಕಡೆ ಕಂಡದ್ದು ಪ್ರಸಾದದ ಇನ್ನೊಂದು ಸಾಲು.

ಹೈಸ್ಕೂಲಿಗೆ ನಾನು ಬಂದಾಗ 1983ರ ಜ್ಞಾನಪೀಠ ಮಾಸ್ತಿಯವರಿಗೆ ಬಂದ ಸಂಭ್ರಮ ಊರಲ್ಲಿ ಇನ್ನೂ ಇಳಿದಿರಲಿಲ್ಲ. ಅವರ ಒಂದು ಪುಸ್ತಕವನ್ನೂ ಓದಿರದವರು ಕೂಡ ಬಸ್ಸಿನಲ್ಲಿ ಪಕ್ಕದವರಿಗೆ “ನಮ್ಮದು ಮಾಸ್ತಿ” ಎಂದು ಹೇಳಿ ಒಂದು ಕ್ಷಣ ಕಾಯುತ್ತಿದ್ದರು. ಆ ವರ್ಷದ ಸ್ಕೂಲ್ ಡೇಗೆ ಏನಾದರೂ ಹೊಸದು ಆಗಬೇಕೆಂದು ಹೊರಟವರು ಡ್ರಾಯಿಂಗ್ ಮೇಷ್ಟ್ರು. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು, ಕೆ. ವೆಂಕಟಪ್ಪನವರ ಹೆಸರೆತ್ತಿದರೆ ಕೂತಲ್ಲಿಂದ ಏಳುವವರು. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಹೂಜಿ, ನಿಂಬೆಹಣ್ಣು ಬರೆಸಿ ಬರೆಸಿ ಅವರಿಗೂ ಬೇಸರವಾಗಿತ್ತೇನೋ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ‘ಸ್ವರ್ಗ – ನರಕ’ ಎಂದು ಬರೆದು, ಎಲ್ಲರೂ ಯಾವುದಾದರೂ ಒಂದನ್ನು ಬಿಡಿಸಿ ತರಬೇಕು, ಕಾರಿಡಾರಿನಲ್ಲಿ ತೂಗುಹಾಕುತ್ತೇನೆ, ಊರವರು ನೋಡಲು ಬರುತ್ತಾರೆ ಎಂದರು. ಪಟ ನೋಡಿ ನಕಲು ಮಾಡುವಂತಿಲ್ಲ ಎಂಬುದೊಂದೇ ಕಟ್ಟಳೆ. ಅಂಗಡಿಯ ಪಟ ಅವರ ಕಣ್ಣಿಗೂ ಬಿದ್ದಿತ್ತು.

ಅದರ ಜೊತೆಗೆ ಅವರು ಒಂದು ಕಥೆಯನ್ನೂ ಹೇಳಿದರು. ಧರ್ಮರಾಯ ಸ್ವರ್ಗಕ್ಕೆ ಹೋಗುತ್ತಾನೆ, ಅಲ್ಲಿ ದುರ್ಯೋಧನ ಸಿಂಹಾಸನದ ಮೇಲೆ ಕೂತಿದ್ದಾನೆ. ತಮ್ಮಂದಿರು ಕಾಣುವುದಿಲ್ಲ. ಅವರೆಲ್ಲಿ ಎಂದರೆ ದೇವದೂತ ಕತ್ತಲ ದಾರಿಯಲ್ಲಿ ಕರೆದೊಯ್ಯುತ್ತಾನೆ, ಕಾಲಡಿ ಕೊಳೆತ ಮಾಂಸ, ಕುದಿಯುವ ನದಿ, ಕತ್ತಿಯಂಥ ಎಲೆಗಳ ಕಾಡು. ಹೇಸಿ ಹಿಂತಿರುಗುವಾಗ ಕತ್ತಲೊಳಗಿಂದ ದನಿಗಳು: ಹೋಗಬೇಡ, ನೀನು ನಿಂತರೆ ನಮಗೆ ತಂಪಾಗುತ್ತದೆ. ಭೀಮ, ಅರ್ಜುನ, ದ್ರೌಪದಿ, ಕರ್ಣ. ಧರ್ಮರಾಯ ದೂತನನ್ನು ಕಳಿಸಿಬಿಟ್ಟು ಅಲ್ಲೇ ನಿಲ್ಲುತ್ತಾನೆ. ಮಹಾಭಾರತದ ಕಟ್ಟಕಡೆಯ ಪರ್ವ ಇದು. ಆಮೇಲೆ ಅದೆಲ್ಲ ಮಾಯೆಯೆಂದು ಇಂದ್ರ ಬಂದು ಹೇಳುತ್ತಾನೆ, ಆದರೆ ಮೇಷ್ಟ್ರು ಅಲ್ಲಿಯವರೆಗೆ ಹೋಗಲಿಲ್ಲ. “ಈಗ ಹೇಳಿ, ಧರ್ಮರಾಯ ನಿಂತ ಜಾಗಕ್ಕೆ ಯಾವ ಬಣ್ಣ ಹಚ್ತೀರಿ?” ಎಂದು ಕೇಳಿ ಸೀಮೆಸುಣ್ಣ ಕೆಳಗಿಟ್ಟರು. ಗಂಟೆ ಹೊಡೆಯಿತು.

ಯಾರೂ ಧರ್ಮರಾಯನನ್ನು ಬರೆಯಲಿಲ್ಲ. ನಮ್ಮ ತಲೆಯಲ್ಲಿ ಇದ್ದದ್ದು ‘ಯಮಗೋಲ’. 1977ರ ತೆಲುಗು ಸಿನಿಮಾ, ನಮ್ಮ ಕಡೆಯ ಟೆಂಟುಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಜೊತೆಗೆ ಒಂದಿಷ್ಟು ತಮಿಳು ಎನ್ನುವ ಸೀಮೆ ನಮ್ಮದು. ಕೈಕಾಲ ಸತ್ಯನಾರಾಯಣ ಯಮನಾಗಿ ಕಣ್ಣು ತಿರುಗಿಸುವುದು, ಎನ್.ಟಿ. ರಾಮರಾವ್ ಯಮಲೋಕಕ್ಕೆ ಹೋಗಿ ಕಿಂಕರರನ್ನೇ ಎತ್ತಿಕಟ್ಟಿ ಗಲಾಟೆ ಎಬ್ಬಿಸುವುದು ಎಲ್ಲರಿಗೂ ಬಾಯಿಪಾಠ. ಹಾಗಾಗಿ ನಮ್ಮ ಬಹುಪಾಲು ಯಮರಿಗೆ ಸತ್ಯನಾರಾಯಣರ ಮೈಕಟ್ಟು, ಅವರದೇ ಮೀಸೆ.

ಪ್ರದರ್ಶನದ ದಿನ ಕಾರಿಡಾರಿನ ಒಂದು ಗೋಡೆಗೆ ಸ್ವರ್ಗ, ಎದುರು ಗೋಡೆಗೆ ನರಕ. ಸುತಲಿ ದಾರಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ ಡ್ರಾಯಿಂಗ್ ಶೀಟುಗಳು ಗಾಳಿಗೆ ಸುರುಳಿ ಸುತ್ತುತ್ತಿದ್ದವು. ಸ್ವರ್ಗದ ದಾರ ಅರ್ಧವೂ ತುಂಬಿರಲಿಲ್ಲ. ನರಕಕ್ಕೆ ಜಾಗ ಸಾಲದೆ ಕೆಲವನ್ನು ಹೆಡ್‌ಮಾಸ್ಟರರ ಕೋಣೆಯ ಬಾಗಿಲಿನವರೆಗೆ ಎಳೆದುಕೊಂಡು ಹೋಗಿದ್ದರು, ಅದಕ್ಕೆ ಹುಡುಗರಲ್ಲಿ ಬೇರೆ ಅರ್ಥವೂ ಹುಟ್ಟಿತು.

ನರಕ ಬರೆಯುವುದು ಸುಲಭವೆಂದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಅಲ್ಲಿ ಇರುವ ಸಾಮಾನೆಲ್ಲ ನಮ್ಮವೇ. ಬೆಲ್ಲದ ಕೊಪ್ಪರಿಗೆ, ಎಣ್ಣೆಯ ಗಾಣ, ಬಡಗಿಯ ಗರಗಸ, ಕಮ್ಮಾರನ ಇಕ್ಕಳ, ಒನಕೆ, ಜಾಲಿಮುಳ್ಳು. ಯಾವುದನ್ನು ಎಲ್ಲಿ ಹಿಡಿಯಬೇಕು, ಯಾವುದು ಎಷ್ಟು ಕಾಯುತ್ತದೆ ಎಂದು ಕೈಗೇ ಗೊತ್ತು. ಸ್ವರ್ಗಕ್ಕೆ ಬೇಕಾದ ಕಲ್ಪವೃಕ್ಷ, ಐರಾವತ, ರಂಭೆಯನ್ನು ಯಾರು ನೋಡಿದ್ದಾರೆ? ಆದ್ದರಿಂದ ಸ್ವರ್ಗ ಬಿಡಿಸಿದವರೆಲ್ಲ ಪಾಪ ಬೇರೆಯವರ ಮನೆಯನ್ನು ಬಿಡಿಸಿದರು. ಒಬ್ಬ ಇಂದ್ರನ ಸಭೆಯೆಂದು ವಿಧಾನಸೌಧವನ್ನೇ ಎತ್ತಿ ಮೋಡದ ಮೇಲಿಟ್ಟಿದ್ದ, ಮುಂದೆ ಅಂಬಾಸಡರ್ ಕಾರು ಸಹಿತ. ಇನ್ನೊಬ್ಬಳು ಚಿಕ್ಕತಿರುಪತಿಯ ಸಾಲನ್ನು ಬರೆದಿದ್ದಳು. ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಜನ, ಹಗ್ಗ, ಪೊಲೀಸು. ಬಾಗಿಲು ಬರುವಷ್ಟರಲ್ಲಿ ಹಾಳೆ ಮುಗಿದಿತ್ತು. ಇನ್ನೊಂದು ಶೀಟು ಕೊಡಿ ಎಂದು ಆಕೆ ಕೇಳಿದಳಂತೆ. ಸಾಕು, ಇದೇ ಚೆನ್ನಾಗಿದೆ ಎಂದರಂತೆ ಮೇಷ್ಟ್ರು.

ನೋಡಲು ಬಂದವರೂ ನರಕದ ಕಡೆಗೇ. ಕೆಜಿಎಫ್ ಗಣಿಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದಿದ್ದ ಹಿರಿಯರೊಬ್ಬರು ಪ್ರತಿ ಚಿತ್ರದ ಮುಂದೆ ನಿಂತು, “ಇದು ಎಷ್ಟು ಆಳದಲ್ಲಿದೆ?” ಎಂದು ವಿಚಾರಿಸಿದರು. ಚಾಂಪಿಯನ್ ರೀಫ್‌ನಲ್ಲಿ ಮನುಷ್ಯರು ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ಕೆಲಸ ಮಾಡುತ್ತಿದ್ದರು, ಅಲ್ಲಿ ಮುಟ್ಟಿದರೆ ಬಂಡೆಯೇ ಸುಡುತ್ತಿತ್ತು. ಕೆಂಪು ಕಪ್ಪು ಬಣ್ಣ ಬಳಿದ ಹುಡುಗನಿಗೆ ಅವರು ತಿಳಿಹೇಳಿದರು: ಕೆಳಗೆ ಬೆಂಕಿಯ ಬಣ್ಣ ಇರುವುದಿಲ್ಲ ಮಗ, ಎಲ್ಲ ಬೂದಿ ಬಣ್ಣ, ಬೆವರು ಮಾತ್ರ ಹೊಳೆಯುತ್ತದೆ.

ಆ ಗೋಡೆಯಲ್ಲಿ ನನ್ನ ನೆನಪಿನಿಂದ ಅಳಿಯದ ಚಿತ್ರ ಯಮನೇ ಇಲ್ಲದ್ದು. ಶಿಡ್ಲಘಟ್ಟದ ಕಡೆಯಿಂದ ಬಂದು ಊರಾಚೆ ರೇಷ್ಮೆ ಚರಕ ಹಾಕಿದ್ದ ಸಾಹೇಬರ ಮನೆಯ ಹುಡುಗ ನನ್ನ ತರಗತಿಯವನು. ಬೋರ್ಡಿನ ಮೇಲೆ ವಿಷಯ ಬರೆದ ದಿನವೇ ಎದ್ದು ನಿಂತು, “ಸಾರ್, ನಮ್ಮ ಕಡೆ ಯಮ ಇಲ್ಲ” ಅಂದಿದ್ದ. “ನಿಮ್ಮ ಕಡೆ ಏನಿದೆಯೋ ಅದನ್ನೇ ಬರಿ” ಎಂದಿದ್ದರು ಮೇಷ್ಟ್ರು. ಅವನ ಮನೆಯಲ್ಲಿ ಇದ್ದದ್ದು ಕುದಿನೀರಿನ ತೊಟ್ಟಿ. ಗೂಡುಗಳನ್ನು ಬಿಸಿನೀರಿಗೆ ಹಾಕಿ, ಅಂಟು ಬಿಟ್ಟ ಮೇಲೆ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ ಚರಕಕ್ಕೆ ಏರಿಸುತ್ತಾರೆ. ನೂರಾರು ಮೀಟರ್ ಎಳೆ ಬಿಚ್ಚಿದ ಮೇಲೆ ನೀರಿನಲ್ಲಿ ಉಳಿಯುವುದು ಬೆಂದ ಹುಳ. ಆ ಬೀದಿಯ ನಾತ ಗಾಳಿ ತಿರುಗಿದ ದಿನ ನಮ್ಮ ತರಗತಿಗೂ ಬರುತ್ತಿತ್ತು. ಬಿಸಿನೀರಲ್ಲಿ ಕೈಯಾಡಿಸಿ ಅವನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಅವನ ಹಾಳೆಯಲ್ಲಿ ತೊಟ್ಟಿಯೊಳಗೆ ಮನುಷ್ಯರು ಗೂಡಿನ ಆಕಾರಕ್ಕೆ ಮುದುಡಿಕೊಂಡು ತೇಲುತ್ತಿದ್ದರು. ಪ್ರತಿಯೊಬ್ಬನ ಹೊಕ್ಕುಳಿಂದಲೂ ಒಂದು ಎಳೆ ಹೊರಟು ಮೇಲೇರುತ್ತಿತ್ತು. ಚರಕ ತಿರುಗಿಸಲು ಕೂತದ್ದು ಒಂದು ದಪ್ಪನೆಯ ರೇಷ್ಮೆಹುಳ, ತಲೆಗೆ ಟವೆಲ್ಲು ಸುತ್ತಿ, ಕಿವಿಯ ಜಾಗದಲ್ಲಿ ಬೀಡಿ ಸಿಕ್ಕಿಸಿಕೊಂಡು. ಬಣ್ಣ ಕೊಳ್ಳಲು ದುಡ್ಡಿಲ್ಲದ್ದಕ್ಕೋ ಏನೋ ಪೂರಾ ಪೆನ್ಸಿಲ್ಲಿನಲ್ಲಿ ಬರೆದಿದ್ದ. ಹಬೆಯನ್ನು ಮಾತ್ರ ರಬ್ಬರಿನಿಂದ ಉಜ್ಜಿ ಉಜ್ಜಿ ತೆಗೆದಿದ್ದ. ಭಾಗವತದ ಐದನೆಯ ಸ್ಕಂಧದಲ್ಲಿ ಇಪ್ಪತ್ತೆಂಟು ನರಕಗಳ ಪಟ್ಟಿ ಬರುತ್ತದೆ, ಅದರಲ್ಲಿ ಕುಂಭೀಪಾಕ ಎಂಬುದು ಪ್ರಾಣಿ ಪಕ್ಷಿಗಳನ್ನು ಜೀವಂತ ಬೇಯಿಸಿದವರಿಗೆ ಮೀಸಲು. ಅವನು ಅದನ್ನು ಓದಿರಲಿಲ್ಲ, ಓದಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಸಂಜೆ ಅವನ ತಂದೆ ಬಂದರು. ಮೇಷ್ಟ್ರು ತುಸು ಅಳುಕಿನಿಂದಲೇ ಅವರನ್ನು ಆ ಚಿತ್ರದ ಹತ್ತಿರ ಕರೆದುಕೊಂಡು ಹೋದರು. ಸುತ್ತ ಇದ್ದವರು ಮಾತು ನಿಲ್ಲಿಸಿದರು. ಸಾಹೇಬರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಹುಳದ ಕಡೆಗೆ ಬೆರಳು ಮಾಡಿ, “ಎಳೆ ಹಿಂಗೆ ಹೋಗಲ್ಲ ಸಾರ್, ಒಂದರ ಮೇಲೊಂದು ಹೊರಳಿಸ್ಕೊಂಡು ಹೋಗ್ಬೇಕು. ಹಿಂಗೆ ಎಳೆದ್ರೆ ನೂಲು ಕಿತ್ತೋಗುತ್ತೆ. ಇಷ್ಟು ದಿನ ಏನು ಕಲ್ತನೋ ಇವ್ನು” ಎಂದು ಮಗನ ತಲೆಗೆ ಮೊಟಕಿದರು. ಬಹುಮಾನ ವಿಧಾನಸೌಧಕ್ಕೆ ಹೋಯಿತು. ತೀರ್ಪುಗಾರರು ಹೊರಗಿನವರು.

ಆಮೇಲಿನ ವರ್ಷಗಳಲ್ಲಿ ಎಲ್ಲಿ ಹೋದರೂ ಈ ಎರಡು ಲೋಕಗಳ ಚಿತ್ರ ಹುಡುಕುವುದು ನನಗೆ ಚಟವಾಯಿತು. ಶ್ರವಣಬೆಳಗೊಳದ ಜೈನ ಮಠದ ಗೋಡೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳದೆ ಇರಲಾರೆ. ಜೈನರ ಲೆಕ್ಕದಲ್ಲಿ ನರಕಗಳು ಏಳು, ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಒಂದರ ಕೆಳಗೊಂದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಷಡ್ಲೇಶ್ಯೆಯ ಚಿತ್ರ. ಹಸಿದ ಆರು ಜನ ಒಂದು ನೇರಳೆ ಮರದ ಬಳಿ ಬರುತ್ತಾರೆ. ಒಬ್ಬನಿಗೆ ಮರವನ್ನೇ ಬುಡಸಮೇತ ಕೆಡವುವ ಮನಸ್ಸು. ಇನ್ನೊಬ್ಬನಿಗೆ ದೊಡ್ಡ ಕೊಂಬೆ ಸಾಕು, ಮತ್ತೊಬ್ಬನಿಗೆ ಸಣ್ಣ ರೆಂಬೆ, ಆಮೇಲೆ ಗೊಂಚಲು, ಆಮೇಲೆ ಹಣ್ಣು. ಕೊನೆಯವನು ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಾನೆ. ಕಪ್ಪಿನಿಂದ ಬಿಳಿಯವರೆಗೆ ಜೀವಕ್ಕೆ ಹತ್ತುವ ಆರು ಬಣ್ಣಗಳು ಅವು. ಕೊಪ್ಪರಿಗೆಯಿಲ್ಲ, ಗರಗಸವಿಲ್ಲ, ಬರೀ ಒಂದು ಮರ ಮತ್ತು ಹಸಿವು. ಮಾಸ್ತಿಯವರ ಕಥೆಗಳನ್ನು ಓದುವಾಗಲೂ ನನಗೆ ಈ ಗೋಡೆ ನೆನಪಾಗುವುದುಂಟು. ಅವರಲ್ಲಿ ಕೆಟ್ಟವರನ್ನು ಹುಡುಕುವುದು ಕಷ್ಟ. ‘ಚಿಕವೀರ ರಾಜೇಂದ್ರ’ದಂಥ ಕಡೆ ಸಿಕ್ಕರೂ ಅವರು ಕೆಟ್ಟದ್ದನ್ನು ಒಂದೊಂದೇ ಕೊಂಬೆಯಾಗಿ ಕಡಿದುಕೊಳ್ಳುತ್ತಾರೆ, ನಾವು ನೋಡುತ್ತಿರುವಂತೆ.

ಬೆಂಗಳೂರಿಗೆ ಬಂದ ಮೇಲೆ ಚಿತ್ರಸಂತೆಗೆ ತಪ್ಪದೆ ಹೋಗುತ್ತೇನೆ. ಚಿತ್ರಕಲಾ ಪರಿಷತ್ತು ಆರಂಭಿಸಿದ್ದು ಅದು; ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳು. ಚಿನ್ನದ ರೇಕಿನ ಮೈಸೂರು ಶೈಲಿಯ ವೈಕುಂಠ ಬೇಕಾದಷ್ಟು ಸಿಗುತ್ತದೆ. ನರಕ ಒಂದನ್ನೂ ಕಂಡಿಲ್ಲ. ಒಬ್ಬ ಕಲಾವಿದರನ್ನು ಕೇಳಿದಾಗ, “ಡ್ರಾಯಿಂಗ್ ರೂಮಿಗೆ ಅದನ್ನ ಯಾರು ತಗೋತಾರೆ ಸರ್?” ಎಂದರು. ನಮ್ಮ ದಿನಸಿ ಅಂಗಡಿಯವರು ತಗೊಂಡಿದ್ದರು ಎಂದು ನಾನು ಹೇಳಲಿಲ್ಲ. ಮಧ್ಯಮವರ್ಗದ ನಮಗೆ ಗೋಡೆಯ ಮೇಲೆ ಸ್ವರ್ಗ ಬೇಕು, ನರಕ ಟೀವಿಯಲ್ಲಿ ಇದ್ದರೆ ಸಾಕು.

ಟೀವಿಯಲ್ಲೇ ನೋಡಿದ್ದು, 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದು. ನೀರಿನ ಮೇಲೆ ಹೊಗೆ, ದಡದಲ್ಲಿ ಅಪಾರ್ಟ್‌ಮೆಂಟು. ಮರುವರ್ಷದ ಜನವರಿಯಲ್ಲಿ ಇನ್ನೊಮ್ಮೆ. ಅದೇ 2018ರ ಜೂನ್‌ನಲ್ಲಿ, ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಸಂಸ್ಕರಣೆಗೊಂಡು ಕೊಳವೆಯಲ್ಲಿ ಕೋಲಾರಕ್ಕೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ. ಮೊದಲು ತುಂಬಿಕೊಂಡದ್ದು ಲಕ್ಷ್ಮೀಸಾಗರ ಕೆರೆ. ಸಾವಿರ ಅಡಿ ಕೊರೆದರೂ ಧೂಳು ಬರುವ ನಮ್ಮ ಜಿಲ್ಲೆಯಲ್ಲಿ ಕೆರೆಗೆ ನೀರು ಬಂದರೆ ಜನ ಬಾಗಿನ ಕೊಡದೆ ಇರುತ್ತಾರೆಯೇ. ಮುಂದಿನ ತಿಂಗಳೇ ನೀರಿನ ಮೇಲೆ ಬಿಳಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು, ನಿಂತಿತು, ಮತ್ತೆ ಹರಿಯಿತು. ಬೆಂಗಳೂರು ಬಿಟ್ಟ ನೀರಿನ ಸಂಸ್ಕರಣೆಯನ್ನು ಎರಡನೇ ಹಂತಕ್ಕೇ ಮುಗಿಸಿ ಕಳಿಸುತ್ತಾರೆ, ಮೂರನೇ ಹಂತವೂ ಆಗಲಿ ಎಂಬ ರೈತರ ಕೂಗು ಆಗಿನಿಂದಲೂ ಇದೆ.

ಈ ನೀರಿನ ಬಗ್ಗೆ ನಾನು ಮಾತಾಡಿದ್ದು ಆ ಪೆನ್ಸಿಲ್ ಚಿತ್ರದ ಗೆಳೆಯನ ಜೊತೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿದು ಬೆಲೆ ಕುಸಿದ ಮೇಲೆ ಅವನು ಚರಕ ಎತ್ತಿಟ್ಟು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಸೇರಿದ್ದಾನೆ. ಬೆರಳುಗಳ ಸುಕ್ಕು ಹೋಗಿದೆ. ಕ್ರೇಟುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಟೀ ತರಿಸಿದ. ಕೆರೆಗೆ ನೀರು ಬಂದ ಮೇಲೆ ಅವನಿಗೆ ಮಾಲು ತರುವ ರೈತರ ಬತ್ತಿದ್ದ ಬೋರುಗಳಲ್ಲಿ ಕೆಲವು ಮತ್ತೆ ಎದ್ದಿವೆಯಂತೆ. ಅವರಲ್ಲೇ ಒಬ್ಬ ಆ ನೀರನ್ನು ತನ್ನ ಎಮ್ಮೆಗೂ ಕುಡಿಸುವುದಿಲ್ಲವಂತೆ, ಟೊಮೆಟೊಗೆ ಮಾತ್ರ ಬಿಡುತ್ತಾನಂತೆ. ಆ ಟೊಮೆಟೊ ಎಲ್ಲಿಗೆ ಹೋಗುತ್ತದೆ ಎಂದೆ. “ನಿಮ್ಮೂರಿಗೇ” ಎಂದ.

ಈಗ ಮೇಷ್ಟ್ರು ಬಂದು ಹಾಳೆ ಕೊಟ್ಟರೆ ಆ ಕೆರೆಯನ್ನು ಯಾವ ಗೋಡೆಗೆ ತೂಗುಹಾಕುತ್ತೀಯ ಎಂದು ಕೇಳಿದೆ. ಅವನು ನಕ್ಕ. “ಯಾವ ಗೋಡೆಗಾದ್ರೂ ಹಾಕು. ಮೊದ್ಲು ಬೆಂಗಳೂರಲ್ಲಿ ಯಾರಿಗಾದ್ರೂ ಹೇಳಿ ಆ ಮೂರನೇ ಹಂತ ಮಾಡ್ಸು. ಅಲ್ಲೇ ಇದೀಯಲ್ಲ, ಅಷ್ಟೂ ಆಗಲ್ವಾ ನಿನ್ನ ಕೈಲಿ?” ಅಷ್ಟರಲ್ಲಿ ಹರಾಜು ಕೂಗುವವನು ಅವನ ಲಾಟಿನ ಹತ್ತಿರ ಬಂದಿದ್ದ. ಟೀ ಲೋಟ ನನ್ನ ಕೈಗೆ ಕೊಟ್ಟು ಎದ್ದ.